ಹೋಯಾ ಕುಂಡವನ್ನು ಮುಟ್ಟಬಾರದು

ನನ್ನ ಗಿಡಗಳ ನೋಟ್‌ಬುಕ್‌ನಲ್ಲಿ ಈ ವರ್ಷದ ಗುರಿಗಳ ಪುಟ ಶುರುವಾಗುವುದೇ ಈ ಸಾಲಿನಿಂದ. ಯಜಮಾನರು ಇಣುಕಿ ನೋಡಿ ನಕ್ಕರು. "ಏನೂ ಮಾಡದೇ ಇರೋದೂ ಒಂದು ಗುರಿನಾ?" ಹೌದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಅದೇ.

ಗಿಡ ಸಾಕುವವರು ಗುರಿ ಅಂತ ಬರೆಯಲು ಕೂತರೆ ಸಾಮಾನ್ಯವಾಗಿ ಅದು ಶಾಪಿಂಗ್ ಲಿಸ್ಟ್ ಆಗಿಬಿಡುತ್ತದೆ. ಆ ಫಿಲೋಡೆಂಡ್ರಾನ್ ಬೇಕು, ಇನ್ನೊಂದು ಬಣ್ಣದ ದಾಸವಾಳ ಬೇಕು, ವರ್ಷ ಮುಗಿಯುವಷ್ಟರಲ್ಲಿ ನೂರು ಕುಂಡ ಆಗಬೇಕು. ಆಸೆ ಪಡುವುದರಲ್ಲಿ ತಪ್ಪೇನಿಲ್ಲ, ನನಗೂ ಇದೆ. ಆದರೆ ಕೊಳ್ಳುವ ಗುರಿ ದುಡ್ಡು ಕೊಟ್ಟ ಕ್ಷಣಕ್ಕೆ ಮುಗಿದುಹೋಗುತ್ತದೆ. ಗಿಡದ ಕೆಲಸ ಶುರುವಾಗುವುದು ಆಮೇಲೆ ಅಲ್ವಾ? ಹಾಗಾಗಿ ಈ ಸಲ ನಾನು ಬರೆದುಕೊಂಡಿರುವುದು ಬಹುಪಾಲು ಮನೆಯಲ್ಲಿ ಈಗಾಗಲೇ ಇರುವ ಗಿಡಗಳ ಬಗ್ಗೆ.

ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಗುರಿ ಬರೆದುಕೊಡುವುದು ಇದ್ದದ್ದೇ. ಅಲ್ಲಿ ಎಲ್ಲರೂ ಜಪಿಸುವ ಸ್ಮಾರ್ಟ್ ಗೋಲ್ ಅನ್ನುವುದು 1981ರಲ್ಲಿ ಜಾರ್ಜ್ ಡೋರನ್ ಎಂಬುವವರು ಬರೆದ ಒಂದು ಲೇಖನದಿಂದ ಬಂದದ್ದು. ಗುರಿ ಖಚಿತವಾಗಿರಬೇಕು, ಅಳೆಯಲು ಬರಬೇಕು, ಯಾರ ಜವಾಬ್ದಾರಿ ಅಂತ ಗೊತ್ತಿರಬೇಕು, ಕೈಗೆಟುಕುವಂತಿರಬೇಕು, ಯಾವಾಗ ಮುಗಿಯುತ್ತದೆ ಅಂತಲೂ ಇರಬೇಕು. ಐದರಲ್ಲಿ ನಾಲ್ಕು ಗಿಡಕ್ಕೂ ಒಪ್ಪುತ್ತವೆ. ಕೊನೆಯದೊಂದು ಒಪ್ಪುವುದಿಲ್ಲ.

ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಒಂದು ಸೈಕಾಡ್ ಇದೆ, ನೋಡಲು ತಾಳೆಯಂತಿರುವ, ಹೂವಿನ ಬದಲು ಕೋನ್ ಬಿಡುವ ಗಿಡ. ಗಿಡ ಸಂಗ್ರಹಿಸುತ್ತಿದ್ದ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ತಂದದ್ದು, 1775ರಲ್ಲಿ ಅಲ್ಲಿಗೆ ಬಂತು. ಇವತ್ತಿಗೂ ಕುಂಡದಲ್ಲೇ ಇದೆ. ಅಲ್ಲಿ ಅದು ಕೋನ್ ಬಿಟ್ಟದ್ದು ಒಂದೇ ಸಲ, 1819ರಲ್ಲಿ. ಅದನ್ನು ನೋಡಿಕೊಂಡ ಮಾಲಿಗಳಿಗೆ ಯಾರಾದರೂ "ಈ ವರ್ಷ ಒಂದು ಕೋನ್ ಬರಲೇಬೇಕು" ಅಂತ ಟಾರ್ಗೆಟ್ ಕೊಟ್ಟಿದ್ದರೆ ಎಷ್ಟು ತಲೆಮಾರಿಗೆ ಇನ್‌ಕ್ರಿಮೆಂಟ್ ತಪ್ಪುತ್ತಿತ್ತೋ!

ಅದಕ್ಕೇ ಪುಟದ ಮಧ್ಯೆ ಒಂದು ಗೆರೆ ಎಳೆದೆ. ಎಡಗಡೆ ನಾನು ಮಾಡುವ ಕೆಲಸ, ಪೆನ್ನಿನಲ್ಲಿ. ಬಲಗಡೆ ಗಿಡ ಮಾಡಬಹುದಾದದ್ದು, ಪೆನ್ಸಿಲ್‌ನಲ್ಲಿ. ತಾರೀಖು ಹಾಕುವುದು ಎಡಗಡೆ ಮಾತ್ರ.

ಹೋಯಾ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಇರುವುದು ಹೋಯಾ ಕಾರ್ನೋಸಾ. ದಪ್ಪ ಎಲೆಯ ಬಳ್ಳಿ. ಹೂವು ಬಿಟ್ಟರೆ ಪುಟ್ಟ ನಕ್ಷತ್ರಗಳ ಗೊಂಚಲು, ರಾತ್ರಿ ಹೊತ್ತು ಪರಿಮಳ ಜಾಸ್ತಿ. ಇದಕ್ಕೆ ಈ ಹೆಸರು ಬಂದದ್ದು ಥಾಮಸ್ ಹೋಯ್ ಎಂಬ ಇಂಗ್ಲೆಂಡಿನ ತೋಟಗಾರನಿಂದ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಇಟ್ಟ ಹೆಸರು. ರಾಜರು, ಸಾಹುಕಾರರ ಹೆಸರು ಹೊತ್ತ ಗಿಡಗಳ ನಡುವೆ ಮಣ್ಣು ಮುಟ್ಟಿ ಕೆಲಸ ಮಾಡಿದವನೊಬ್ಬನ ಹೆಸರೂ ಇದೆ ಅನ್ನುವುದು ನನಗೆ ಬಹಳ ಖುಷಿ.

ಬಲಗಡೆ ಪೆನ್ಸಿಲ್‌ನಲ್ಲಿ "ಹೂವು" ಅಂತ ಒಂದೇ ಪದ ಇದೆ. ಎಡಗಡೆ ಉದ್ದಕ್ಕೆ ಬರೆದಿದ್ದೇನೆ. ಮೊದಲನೆಯದು, ಕುಂಡ ಬದಲಿಸಬಾರದು. ಹೋಯಾಗಳಲ್ಲಿ ಬಹಳಷ್ಟು ಕಾಡಿನಲ್ಲಿ ಮರದ ಮೇಲೆ ಹಬ್ಬಿ ಬೆಳೆಯುವಂಥವು. ಬೇರಿಗೆ ಮಣ್ಣಿಗಿಂತ ಗಾಳಿ ಮುಖ್ಯ. ಬೇರು ಕುಂಡ ತುಂಬಿಕೊಂಡಿದ್ದರೂ ಅದಕ್ಕೆ ಬೇಜಾರಿಲ್ಲ. ಪ್ರೀತಿ ಜಾಸ್ತಿಯಾಗಿ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಕಡೆ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ, ಬೇರು ಕೊಳೆಯಲು ಅಷ್ಟು ಸಾಕು. ಎರಡನೆಯದು, ಎಲೆಯಿಲ್ಲದೆ ಉದ್ದಕ್ಕೆ ಚಾಚಿಕೊಂಡ ಬಳ್ಳಿಯನ್ನು ಕತ್ತರಿಸಬಾರದು. ನೋಡಲು ಚೆಂದವಿಲ್ಲ, ಹೌದು. ಆದರೆ ಎಲೆಯೂ ಮೊಗ್ಗೂ ಆಮೇಲೆ ಅದರ ಗೆಣ್ಣುಗಳಲ್ಲೇ ಬರುತ್ತವೆ. ಮೂರನೆಯದು, ಒಮ್ಮೆ ಹೂವು ಬಿಟ್ಟು ಉದುರಿದ ಮೇಲೆ ಉಳಿಯುವ ಮೋಟು ತೊಟ್ಟನ್ನು ಚಿವುಟಬಾರದು. ಮುಂದಿನ ಗೊಂಚಲು ಅದೇ ತೊಟ್ಟಿನ ತುದಿಯಿಂದ ಬರುತ್ತದೆ. ವರ್ಷವರ್ಷವೂ ಅಲ್ಲಿಂದಲೇ. "ಒಣಗಿದೆ, ಕ್ಲೀನ್ ಮಾಡೋಣ" ಅಂತ ಕತ್ತರಿ ಹಿಡಿದು ಬರುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಯಾರು ಅಂತ ಇಲ್ಲಿ ಬರೆಯುವುದಿಲ್ಲ.

ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬಾರದು ಅಂತಲೂ ಬರೆದಿದೆ. ಜಾಗ ಬದಲಾದರೆ ಮೊಗ್ಗು ಉದುರಿಸಿಬಿಡುವ ಸ್ವಭಾವ ಇದಕ್ಕಿದೆ. ಒಟ್ಟಿನಲ್ಲಿ ಈ ಗಿಡಕ್ಕೆ ನನ್ನ ಗುರಿಗಳೆಲ್ಲ "ಬಾರದು" ಅಂತಲೇ ಮುಗಿಯುತ್ತವೆ. ಮಾಡಬೇಕಾದ್ದು ಒಂದೇ: ಪೂರ್ವದ ಕಿಟಕಿಗೆ ಇನ್ನಷ್ಟು ಹತ್ತಿರ ತಂದಿಡುವುದು.

ಇನ್ನೊಂದು "ಬಾರದು" ಕ್ರಿಸ್‌ಮಸ್ ಕ್ಯಾಕ್ಟಸ್‌ಗೆ. ಮೊಗ್ಗು ಹಿಡಿಯಲು ಅದಕ್ಕೆ ಉದ್ದ ರಾತ್ರಿ ಬೇಕು. ದಿನಕ್ಕೆ 12 ರಿಂದ 14 ಗಂಟೆ ಎಡೆಬಿಡದ ಕತ್ತಲು, ಸುಮಾರು ಆರು ವಾರ. ಮಧ್ಯರಾತ್ರಿ ಯಾರೋ ನೀರು ಕುಡಿಯಲು ಎದ್ದು ಲೈಟ್ ಹಾಕಿದರೆ ಆ ರಾತ್ರಿ ಎರಡು ತುಂಡಾಯಿತು ಅಂತಲೇ ಲೆಕ್ಕ. ಹಾಲ್‌ನಲ್ಲಿ ನಮ್ಮ ಮಗಳು ರಾತ್ರಿ ಹನ್ನೊಂದರ ತನಕ ಓದುತ್ತಾಳೆ. ಅವಳ ಓದು ನಿಲ್ಲಿಸಲು ಆಗುತ್ತದೆಯೇ? ಕ್ಯಾಕ್ಟಸ್ಸೇ ಸಾಮಾನು ಕೋಣೆಯ ಕಿಟಕಿಗೆ ಹೋಗಬೇಕು. ಅಲ್ಲಿ ಹಗಲು ಬೆಳಕಿದೆ, ರಾತ್ರಿ ಯಾರೂ ಕಾಲಿಡುವುದಿಲ್ಲ.

ಎಡಗಡೆಯ ಇನ್ನೊಂದು ಗುರಿ, ಮನೆಯ ಬೆಳಕನ್ನು ಅಳೆಯುವುದು. ಇದು ನಿಮಗೆ ಅತಿ ಅನ್ನಿಸಬಹುದು. ಕಣ್ಣಿಗೆ ಕಾಣುವುದಿಲ್ಲವೇ ಬೆಳಕು? ಕಾಣುತ್ತದೆ, ಆದರೆ ಎಷ್ಟು ಅಂತ ಕಾಣುವುದಿಲ್ಲ. ನಮ್ಮ ಕಣ್ಣು ಕತ್ತಲಲ್ಲಿ ಅಗಲವಾಗಿ, ಬಿಸಿಲಲ್ಲಿ ಕಿರಿದಾಗಿ, ಎಲ್ಲ ಕಡೆಯೂ "ಸರಿಯಾಗಿದೆ" ಅಂತ ಹೇಳಿಬಿಡುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಲೈಟ್ ಹಾಕಿ ಕೂತು ಕೆಲಸ ಮಾಡುವ ಆಫೀಸು ಕೋಣೆ ಸುಮಾರು 500. ಅಂದರೆ ಇನ್ನೂರು ಪಟ್ಟು ವ್ಯತ್ಯಾಸ! ನಮಗೆ ಎರಡು ಕಡೆಯೂ ಪೇಪರ್ ಓದಲು ಬರುತ್ತದೆ. ಗಿಡಕ್ಕೆ ಮಾತ್ರ ಆಫೀಸು ಕೋಣೆಯಲ್ಲಿ ಹೊಟ್ಟೆ ತುಂಬುವುದಿಲ್ಲ.

ಫೋನಿನಲ್ಲಿ ಬೆಳಕು ಅಳೆಯುವ ಆಪ್‌ಗಳಿವೆ. ಅವು ತೋರಿಸುವ ಅಂಕಿ ಪಕ್ಕಾ ಇರುವುದಿಲ್ಲ. ಆದರೆ ಒಂದೇ ಫೋನಿನಲ್ಲಿ ಎರಡು ಜಾಗ ಹೋಲಿಸಲು ಧಾರಾಳ ಸಾಕು. ಮನೆಯ ನಕ್ಷೆ ಬರೆದು, ಪ್ರತಿ ಕಿಟಕಿಯ ಹತ್ತಿರ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಅಂಕಿ ತುಂಬುತ್ತಿದ್ದೇನೆ. ಕಿಟಕಿಗೆ ಒತ್ತಿ ಇಟ್ಟ ಕುಂಡಕ್ಕೂ, ಅದೇ ಕೋಣೆಯಲ್ಲಿ ಎರಡು ಮೀಟರ್ ಒಳಗಿರುವ ಸ್ಟ್ಯಾಂಡಿಗೂ ಇರುವ ಅಂತರ ನೋಡಿದರೆ ಗಾಬರಿಯಾಗುತ್ತದೆ. ಮಾನ್‌ಸ್ಟೆರಾ ಎಲೆಯಲ್ಲಿ ತೂತು ಬರುತ್ತಿಲ್ಲ ಅಂತ ಗೊಬ್ಬರ ಹಾಕುವವರನ್ನು ನೋಡಿದ್ದೇನೆ. ತೂತು ಬರಬೇಕಾದರೆ ಗಿಡಕ್ಕೆ ವಯಸ್ಸಾಗಬೇಕು, ಬೆಳಕು ಬೇಕು. ಮೂಲೆಯಲ್ಲಿ ಕೂರಿಸಿ ಎಷ್ಟು ಉಣಿಸಿದರೂ ಬರುವುದಿಲ್ಲ.

"ಕಡಿಮೆ ಬೆಳಕಿನ ಗಿಡ" ಅಂತ ಮಾರುವ ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್ ಇವೆಯಲ್ಲ, ಅವು ಕಡಿಮೆ ಬೆಳಕನ್ನು ಸಹಿಸುತ್ತವೆ, ಅಷ್ಟೇ. ಝಡ್‌ಝಡ್ ಮಣ್ಣೊಳಗಿನ ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಹಾಗೇ ನಿಂತಿರುತ್ತದೆ. ನಾವು ಅದನ್ನು "ಚೆನ್ನಾಗಿದೆ" ಅಂದುಕೊಳ್ಳುತ್ತೇವೆ.

ನಕ್ಷೆ ಮುಗಿದಾಗ ನನ್ನ ಮನೆಯಲ್ಲಿ ಗಿಡಗಳಿಗೆ ಎಷ್ಟು ಸೀಟು ಇದೆ ಅಂತ ಗೊತ್ತಾಗುತ್ತದೆ. ಒಳ್ಳೆಯ ಬೆಳಕಿನ ಸೀಟು ಅಂತ ಅರ್ಥ. ಇದು ಗಿಡಗಳ ಸಂಖ್ಯೆಗೆ ಒಂದು ಮಿತಿ. ಎರಡನೆಯ ಮಿತಿ ಭಾನುವಾರ ಬೆಳಿಗ್ಗೆ.

ಪ್ರತಿ ಭಾನುವಾರ ಪ್ರತಿ ಗಿಡದ ಎಲೆ ಮಗುಚಿ ಕೆಳಭಾಗ ನೋಡಬೇಕು. ಇದು ಎಡಗಡೆಯ ಗುರಿಗಳಲ್ಲಿ ನಾನು ದಪ್ಪಕ್ಷರದಲ್ಲಿ ಬರೆದಿರುವುದು. ವಾರಕ್ಕೊಮ್ಮೆಯೇ ಯಾಕೆ? ಜೇಡ ನುಸಿಯಿಂದಾಗಿ. ಬಿಸಿ, ಒಣ ಹವೆಯಲ್ಲಿ ಅದು ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ತಿಂಗಳಿಗೊಮ್ಮೆ ನೋಡಿದರೆ ಅಜ್ಜಿಯಿಂದ ಮೊಮ್ಮಕ್ಕಳ ತನಕ ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ ಕಂಡರೆ ಕೆಳಗೆ ನೋಡಬೇಕು. ಬಲೆ ಕಟ್ಟಿದ ಮೇಲೆ ಕಂಡರೆ ತಡವಾಯಿತು. ಹಿಟ್ಟು ತಿಗಣೆ ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂತೆ ಕೂತಿರುತ್ತದೆ. ಗಿಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ಅದೂ ಒಂದು ಸುಳಿವು, ತಿಗಣೆ ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಮೊದಲೇ ಸಿಕ್ಕರೆ 70% ಆಲ್ಕೋಹಾಲಿನಲ್ಲಿ ಅದ್ದಿದ ಇಯರ್ ಬಡ್ ಸಾಕು. ಒಂದು ಎಲೆಯ ಮೇಲೆ ಪರೀಕ್ಷೆ ಮಾಡಿ ಮುಂದುವರಿಯುವುದು ಒಳ್ಳೆಯದು.

ಅತ್ತೆ ಇದನ್ನೆಲ್ಲ ನೋಡಿ, "ನೋಡಮ್ಮ, ಮಕ್ಕಳ ತಲೇಲಿ ಹೇನು ನೋಡೋದಕ್ಕೂ ಇಷ್ಟು ಹೊತ್ತು ಕೂತಿರಲಿಲ್ಲ ನಾವು" ಅಂದರು. ಆದರೆ ಆಮೇಲೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಈಗ ತಿಗಣೆ ಹುಡುಕುವುದರಲ್ಲಿ ನನಗಿಂತ ಅವರೇ ಚುರುಕು.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ನಾವಿಬ್ಬರೂ ಸೇರಿ ಎಷ್ಟು ಗಿಡದ ಎಲೆ ಮಗುಚಬಹುದೋ ಅಷ್ಟೇ ನಮ್ಮ ಸಂಗ್ರಹ. ಅದಕ್ಕಿಂತ ಒಂದು ಕುಂಡ ಜಾಸ್ತಿ ಬಂದರೂ ಯಾವುದೋ ಒಂದು ಗಿಡ ನೋಡುವವರಿಲ್ಲದೆ ಉಳಿಯುತ್ತದೆ. ತಿಗಣೆ ಶುರುವಾಗುವುದು ಅದರಲ್ಲೇ.

ಈಗ ಸಂಗ್ರಹದ ಮಾತು. ಅಪರೂಪದ ಗಿಡದ ಹುಚ್ಚು ನನಗೂ ಸ್ವಲ್ಪ ಇದೆ. ಬಿಳಿ ಮಚ್ಚೆಯ ಮಾನ್‌ಸ್ಟೆರಾ ನೋಡಿ ಎಷ್ಟು ಹೊತ್ತು ನಿಂತಿದ್ದೇನೋ. ಆದರೆ ಆ ಬಿಳಿ ಭಾಗದಲ್ಲಿ ಹಸಿರು ಇಲ್ಲ, ಅಂದರೆ ಅದು ಆಹಾರ ತಯಾರಿಸುವುದಿಲ್ಲ. ಹಸಿರು ಭಾಗ ದುಡಿದು ಅದನ್ನು ಸಾಕಬೇಕು. ಪೂರ್ತಿ ಬಿಳಿ ಎಲೆ ಬಂದರೆ ಫೋಟೋಗೆ ಚೆಂದ, ಗಿಡಕ್ಕೆ ಭಾರ. ಪೂರ್ತಿ ಹಸಿರಿಗೆ ತಿರುಗಲೂಬಹುದು. ಇಂಥ ಗಿಡ ಕೊಳ್ಳುವವರು ಎಲೆ ನೋಡಿ ಬೆಲೆ ಕಟ್ಟುತ್ತಾರೆ. ನೋಡಬೇಕಾದ್ದು ಕಾಂಡ. ಕಟಿಂಗ್‌ನ ಗೆಣ್ಣಿನ ಹತ್ತಿರ ಬಿಳಿ ಗೆರೆ ಇದ್ದರೆ ಮುಂದಿನ ಚಿಗುರಿಗೂ ಬರುವ ಸಾಧ್ಯತೆ ಇದೆ.

ಸಂಗ್ರಹಕ್ಕೆ ನಾನು ಇಟ್ಟುಕೊಂಡಿರುವ ಗುರಿ ಬೇರೆ. ನನಗೆ ಇಷ್ಟವಾದ ಪ್ರತಿ ಗಿಡವೂ ಎರಡು ಮನೆಯಲ್ಲಿ ಇರಬೇಕು. ಒಂದು ನಮ್ಮಲ್ಲಿ, ಅದರದೇ ಕಟಿಂಗ್‌ನಿಂದ ಬೆಳೆದ ಇನ್ನೊಂದು ಗೆಳತಿಯ ಮನೆಯಲ್ಲಿ. ನಮ್ಮದು ಹೋದರೆ ಅಲ್ಲಿಂದ ವಾಪಸ್ ತರಬಹುದು. ಎನ್ಸೆಫಲಾರ್ಟೋಸ್ ವುಡಿಐ ಅನ್ನುವ ಸೈಕಾಡ್ ಕಥೆ ಓದಿದ ಮೇಲೆ ಈ ಯೋಚನೆ ಬಂತು. 1895ರಲ್ಲಿ ಸಸ್ಯವಿಜ್ಞಾನಿ ಜಾನ್ ಮೆಡ್ಲಿ ವುಡ್ ದಕ್ಷಿಣ ಆಫ್ರಿಕಾದ ಕಾಡಿನ ಅಂಚಿನಲ್ಲಿ ಅದರ ಒಂದೇ ಒಂದು ಗಿಡ ಕಂಡರು. ಅದು ಗಂಡು ಗಿಡ. ಹೆಣ್ಣು ಗಿಡ ಇವತ್ತಿನವರೆಗೂ ಸಿಕ್ಕಿಲ್ಲ. ಕಾಡಿನಲ್ಲಿ ಈಗ ಅದು ಇಲ್ಲ. ಪ್ರಪಂಚದ ಸಸ್ಯೋದ್ಯಾನಗಳಲ್ಲಿ ಇರುವವೆಲ್ಲ ಆ ಒಂದು ಗಿಡದ ಮರಿಗಳು, ಮರಿಗಳ ಮರಿಗಳು. ಬೇರೆ ಬೇರೆ ಕಡೆ ಹಂಚಿದ್ದರಿಂದ ಉಳಿಯಿತು. ನಮ್ಮ ಮನಿ ಪ್ಲಾಂಟಿಗೆ ಅಂಥ ಗತಿಯೇನೂ ಬಂದಿಲ್ಲ ಬಿಡಿ. ಆದರೂ ಕಟಿಂಗ್ ಕೊಡುವುದು ದಾನಧರ್ಮ ಅಂತ ನಾನು ಅಂದುಕೊಳ್ಳುವುದಿಲ್ಲ, ಬ್ಯಾಕಪ್ ಅಂತಲೇ ಲೆಕ್ಕ ಹಾಕುತ್ತೇನೆ.

ಇನ್ನೊಂದು ಕಟ್ಟುನಿಟ್ಟು: ಕಾಡಿನಿಂದ ಕಿತ್ತು ತಂದ ಗಿಡ ಬೇಡ. ಆರ್ಕಿಡ್‌ಗಳೆಲ್ಲವೂ, ಹೆಚ್ಚುಕಡಿಮೆ ಎಲ್ಲ ಕ್ಯಾಕ್ಟಸ್‌ಗಳೂ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ, ಅಂದರೆ ಕಾಡಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿವೆ. ದೇಶ ದಾಟಿಸಲು ಕಾಗದಪತ್ರ ಬೇಕು. ವಯಸ್ಸಾದ, ಗಾಯದ ಕಲೆಗಳಿರುವ, ಬೇರು ಕತ್ತರಿಸಿದ ಗಿಡ ಸುಮ್ನೆ ಮಾರಾಟಕ್ಕೆ ಬಂದರೆ ಎಲ್ಲಿ ಬೆಳೆದದ್ದು ಅಂತ ಕೇಳಬೇಕು.

ಹಾಗಾಗಿ ಹೊಸದಾಗಿ ಬರುವ ಒಂದೇ ಒಂದು ಗಿಡ ಬೀಜದಿಂದ. ಲಿಥಾಪ್ಸ್. ಕಲ್ಲಿನ ಚೂರಿನಂತೆ ಕಾಣುವ, ಎರಡೇ ಎಲೆಯ ಗಿಡ. ಬೀಜ ಧೂಳಿನಷ್ಟು ಸಣ್ಣದು, ಮೇಲೆ ಮಣ್ಣು ಮುಚ್ಚುವಂತಿಲ್ಲ. ಹೂವಿಗೆ ಮೂರು ವರ್ಷವಾದರೂ ಬೇಕು. ಹೊಸ ಎಲೆಜೋಡಿ ಹಳೆಯ ಜೋಡಿಯ ನೀರನ್ನೇ ಕುಡಿದು ಬೆಳೆಯುತ್ತದೆ, ಆ ಸಮಯದಲ್ಲಿ ನಾವು ನೀರು ಹಾಕಬಾರದು. ನೋಡಿ, ಮತ್ತೆ "ಬಾರದು".

ತರಕಾರಿ ಗಿಡಗಳ ಕಡೆಗೆ ಬಂದರೆ ಗುರಿ ಒಂದೇ: ಟೊಮೆಟೊ, ಬೀಜದಿಂದ ಬೀಜದವರೆಗೆ. ಎಷ್ಟು ಹಣ್ಣು ಬಿಟ್ಟಿತು ಅಂತ ಎಣಿಸುವುದಿಲ್ಲ. ಮುಂದಿನ ವರ್ಷ ಬಿತ್ತಲು ನನ್ನದೇ ಬೀಜ ಇರಬೇಕು. ಟೊಮೆಟೊ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ನಾಟಿ ತಳಿಯಾದರೆ ಬೀಜದಿಂದ ತಾಯಿಯಂಥದ್ದೇ ಗಿಡ ಬರುತ್ತದೆ. ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದರೆ ಅದು ಹೈಬ್ರಿಡ್, ಅದರ ಮಕ್ಕಳು ಒಂದೊಂದು ಒಂದೊಂದು ಥರ. ಬಾಲ್ಕನಿಯಲ್ಲಿ ಗಾಳಿ, ಜೇನು ಕಡಿಮೆಯಿದ್ದರೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಬೇಕು, ಪರಾಗ ಉದುರುತ್ತದೆ.

ಬೀಜಕ್ಕೆ ಆರಿಸುವಾಗ ದೊಡ್ಡ ಹಣ್ಣಿಗೆ ಮರುಳಾಗಬಾರದು. ಆರಿಸಬೇಕಾದ್ದು ಗಿಡವನ್ನು. ರೋಗ ತಗಲದೆ, ಕೊನೆಯವರೆಗೂ ಗಟ್ಟಿಯಾಗಿ ನಿಂತ ಗಿಡಕ್ಕೆ ಮೊದಲೇ ಒಂದು ದಾರ ಕಟ್ಟಿಡುತ್ತೇನೆ. ಪೂರ್ತಿ ಹಣ್ಣಾದ ಮೇಲೆ ಬೀಜವನ್ನು ತಿರುಳಿನ ಸಮೇತ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಸೇರಿಸಿ, ಎರಡು ಮೂರು ದಿನ ಹುಳಿಯಲು ಬಿಡಬೇಕು. ಬೀಜದ ಸುತ್ತಲಿನ ಲೋಳೆ ಕರಗುತ್ತದೆ, ಗಟ್ಟಿ ಬೀಜ ತಳಕ್ಕೆ ಕೂರುತ್ತದೆ. ವಾಸನೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ತೊಳೆದು ತಟ್ಟೆಯಲ್ಲಿ ಒಣಗಿಸಬೇಕು, ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಹಣ್ಣಿನ ಬುಡ ಕಪ್ಪಾಗುವ ತೊಂದರೆಗೆ ಎಡಗಡೆ ಒಂದು ಸಾಲು: ನೀರು ಹೆಚ್ಚುಕಡಿಮೆ ಆಗಬಾರದು. ಅದು ಹಣ್ಣಿಗೆ ಕ್ಯಾಲ್ಸಿಯಂ ಸಾಲದೆ ಬರುವುದು. ಆದರೆ ಸಾಮಾನ್ಯವಾಗಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದನ್ನು ಹೊತ್ತೊಯ್ಯುವ ನೀರು ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿದ್ದರೆ ತಲುಪುವುದಿಲ್ಲ.

ಲೇಬಲ್ ಬಗ್ಗೆ ಒಂದೇ ಮಾತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಮಾರ್ಕರ್ ಬಿಸಿಲಿಗೆ ಅಳಿಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಹೆಸರು, ಬಂದ ತಾರೀಖು, ಕೊಟ್ಟವರು ಯಾರು. ಇಷ್ಟು ಸಾಕು.

ಕೊನೆಯದು ಯಾರೂ ಬರೆದುಕೊಳ್ಳದ ಥರದ ಗುರಿ. ಮನೆಯಿಂದ ಕಳಿಸಬೇಕಾದ ಗಿಡಗಳು. ನಕ್ಷೆ ಮಾಡಿದ ಮೇಲೆ ಇದು ಸುಲಭವಾಯಿತು, ಯಾವ ಗಿಡ ಕೇಳುವುದನ್ನು ನಾನು ಕೊಡಲಾರೆ ಅಂತ ಅಂಕಿಯೇ ಹೇಳುತ್ತದೆ. ನನ್ನ ಲ್ಯಾವೆಂಡರ್‌ಗೆ ದಿನವಿಡೀ ಬಿಸಿಲು ಬೇಕು, ಒಣ ಗಾಳಿ ಬೇಕು, ನೀರು ಬೇಗ ಇಳಿದುಹೋಗುವ ಮಣ್ಣು ಬೇಕು. ಮೂರರಲ್ಲಿ ಮಣ್ಣು ಮಾತ್ರ ನನ್ನಿಂದ ಆಗುತ್ತದೆ. ಬಾಲ್ಕನಿಯಲ್ಲಿ ಅದು ಬದುಕಿದೆ, ಕಾಂಡ ಬಿಸಿಲಿನ ಕಡೆಗೆ ಪೂರ್ತಿ ಬಾಗಿದೆ. ಮಹಡಿಯ ಮೇಲೆ ತೆರೆದ ಜಾಗ ಇರುವ, ನೀರು ಹಾಕಲು ಸ್ವಲ್ಪ ಸೋಮಾರಿಯಾದ ಪರಿಚಯದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ತಂದುಕೊಡುತ್ತೇನೆ. ಕುಂಡ ಮಾತ್ರ ವಾಪಸ್ ಬೇಕು, ಲಿಥಾಪ್ಸ್‌ಗೆ ಬೇಕಾಗುತ್ತದೆ.